ಥಾರ್‌ನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಮುನ್ನ

ಜೈಸಲ್ಮೇರ್‌ಗೆ ಹೋದವರು ಸಾಮಾನ್ಯವಾಗಿ ಕೋಟೆ ನೋಡುತ್ತಾರೆ, ಸಂಜೆ ಸಮ್‌ನ ಮರಳುದಿಬ್ಬದಲ್ಲಿ ಒಂಟೆ ಹತ್ತುತ್ತಾರೆ, ರಾತ್ರಿ ಟೆಂಟಿನ ಮುಂದೆ ಕಾಲ್ಬೇಲಿಯಾ ಕುಣಿತ ನೋಡಿ, ದಾಲ್ ಬಾಟಿ ಉಂಡು ಮಲಗುತ್ತಾರೆ. ಇಲ್ಲೊಂದು ನ್ಯಾಷನಲ್ ಪಾರ್ಕ್ ಇದೆಯಂತಲ್ಲ ಎಂದು ಯಾರಾದರೂ ಕೇಳಿದರೆ, ನಿನ್ನೆ ನೋಡಿದ್ದು ಅದೇ ಅಲ್ಲವೇ ಎನ್ನುತ್ತಾರೆ. ಅವರದು ತಪ್ಪಲ್ಲ. ಸಮ್‌ನ ದಿಬ್ಬಗಳು ಉದ್ಯಾನದ ಅಂಚಿಗೇ ಅಂಟಿಕೊಂಡಿವೆ. ಆದರೆ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಮರಳುದಿಬ್ಬ ಇರುವುದು ಒಂದು ಭಾಗದಲ್ಲಿ ಮಾತ್ರ. ಉಳಿದದ್ದೆಲ್ಲ ಒಡಕುಬಂಡೆಗಳ ದಿನ್ನೆ, ಉಪ್ಪು ಹೆಪ್ಪುಗಟ್ಟಿದ ಕೆರೆಯಂಗಳ, ಗಟ್ಟಿನೆಲ, ಮತ್ತು ಮೈಲುಗಟ್ಟಲೆ ಹುಲ್ಲು. ಈ ಉದ್ಯಾನದ ಜೀವ ಇರುವುದು ಆ ಹುಲ್ಲಿನಲ್ಲಿ. ಪೋಸ್ಟರುಗಳಲ್ಲಿ ಅದು ಕಾಣುವುದೇ ಇಲ್ಲ.

ಬಂಡೀಪುರ, ನಾಗರಹೊಳೆ ನೋಡಿದವರು ಇಲ್ಲಿಗೆ ಬಂದರೆ ಮೊದಲು ಗಲಿಬಿಲಿಯಾಗುತ್ತದೆ. ದೊಡ್ಡ ಗೇಟಿಲ್ಲ, ಸಫಾರಿ ಬಸ್ಸಿಲ್ಲ, ಒಳಗೆ ಹೊರಗೆ ಎಂದು ತೋರಿಸುವ ಗೆರೆಯೂ ಇಲ್ಲ. ವಿಸ್ತೀರ್ಣ 3,162 ಚದರ ಕಿಲೋಮೀಟರ್. ಜೈಸಲ್ಮೇರ್ ಜಿಲ್ಲೆಯಲ್ಲಿ 1,900, ಬಾಡ್ಮೇರ್ ಜಿಲ್ಲೆಯಲ್ಲಿ 1,262. ಬಂಡೀಪುರದ ಮೂರು ಪಟ್ಟಿಗೂ ಹೆಚ್ಚು. ಇದರೊಳಗೆ ಎಪ್ಪತ್ತರಷ್ಟು ಹಳ್ಳಿಗಳು, ಅವುಗಳ ಸುತ್ತ ಢಾಣಿ ಎಂದು ಕರೆಯುವ ಒಂಟಿಮನೆಗಳ ಗುಂಪುಗಳು. ಆಡು, ಕುರಿ, ದನ, ಒಂಟೆ ಎಲ್ಲ ಅಲ್ಲೇ ಮೇಯುತ್ತವೆ. ಪಶ್ಚಿಮಕ್ಕೆ ಪಾಕಿಸ್ತಾನದ ಗಡಿ.

ರಾಷ್ಟ್ರೀಯ ಉದ್ಯಾನ ಅಂದಮೇಲೆ ಒಳಗೆ ಜನ ಹೇಗೆ ಇದ್ದಾರೆ? ಉತ್ತರ ಕಾನೂನಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಂದು ಜಾಗ ರಾಷ್ಟ್ರೀಯ ಉದ್ಯಾನವಾಗಬೇಕಾದರೆ ಅಲ್ಲಿನ ಜನರ ಹಕ್ಕುಗಳನ್ನೆಲ್ಲ ಇತ್ಯರ್ಥ ಮಾಡಿ, ಆಮೇಲೆ ಅಂತಿಮ ಅಧಿಸೂಚನೆ ಹೊರಡಿಸಬೇಕು. ಇಲ್ಲಿ 1980ರಲ್ಲಿ ಘೋಷಣೆಯಾಯಿತು, ಅಂತಿಮ ಅಧಿಸೂಚನೆ ಬರಲೇ ಇಲ್ಲ. ಹಾಗಾಗಿ ಹೆಸರು ರಾಷ್ಟ್ರೀಯ ಉದ್ಯಾನ, ಕಾನೂನಿನ ಕಣ್ಣಿನಲ್ಲಿ ಅಭಯಾರಣ್ಯ. ಈ ಎರಡರ ನಡುವೆ ಸಿಕ್ಕಿಕೊಂಡವರು ಹಳ್ಳಿಯವರು. ಪಕ್ಕಾ ರಸ್ತೆ, ಕರೆಂಟು, ನೀರಿನ ಪೈಪು ಏನೇ ಬೇಕೆಂದರೂ ಅರಣ್ಯ ಇಲಾಖೆಯ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕು. ಪಕ್ಕದೂರಿನವರಿಗೆ ಸಿಗುವುದು ತಮಗೆ ಸಿಗದಿದ್ದಾಗ ಹಕ್ಕಿಯ ಮೇಲೆ ಪ್ರೀತಿ ಹೇಗೆ ಹುಟ್ಟಬೇಕು ಎಂಬ ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಸಮುದ್ರವಿದ್ದ ಕಡೆ ಮರುಭೂಮಿ

ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದು ಜೋರು ದಿನ ಅಷ್ಟು ಸುರಿದುಬಿಡುತ್ತದೆ. ಅರಬ್ಬಿ ಸಮುದ್ರ ಅಷ್ಟೇನೂ ದೂರವಿಲ್ಲ, ಆದರೂ ಯಾಕೆ ಹೀಗೆ? ಪಶ್ಚಿಮ ಘಟ್ಟ ಮಳೆಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಏರಿದಾಗ ತಣಿದು ಮಳೆ ಸುರಿಸುತ್ತದೆ. ರಾಜಸ್ಥಾನದ ಅರಾವಳಿ ಬೆಟ್ಟಸಾಲು ನೈಋತ್ಯದಿಂದ ಈಶಾನ್ಯಕ್ಕೆ ಮಲಗಿದೆ. ಅರಬ್ಬಿ ಸಮುದ್ರದ ಮಳೆಗಾಳಿ ಬೀಸುವ ದಿಕ್ಕೂ ಹೆಚ್ಚುಕಡಿಮೆ ಅದೇ, ಹಾಗಾಗಿ ಗಾಳಿ ಬೆಟ್ಟದ ಪಕ್ಕದಿಂದಲೇ ಹಾದು ಹೋಗುತ್ತದೆ. ಬಂಗಾಳಕೊಲ್ಲಿಯ ಮಳೆಗಾಳಿ ಗಂಗಾ ಬಯಲನ್ನೆಲ್ಲ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಸಾಲದ್ದಕ್ಕೆ ವಾಯವ್ಯದ ಕಡೆಯಿಂದ ಬಂದ ಒಣಗಾಳಿ ಮೇಲಿನಿಂದ ಕೆಳಕ್ಕೆ ಒತ್ತುತ್ತಿರುತ್ತದೆ, ಮೋಡ ಎದ್ದರೂ ಬೆಳೆಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಲೂ ಎಂಬ ಬಿಸಿಗಾಳಿ. ಹಗಲಿನ ಬಿಸಿ 45 ಡಿಗ್ರಿ ದಾಟುವುದು ಮಾಮೂಲು. ಚಳಿಗಾಲದ ರಾತ್ರಿ ಐದು ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ.

ಆದರೆ ಕಾಲಡಿಯ ಕಲ್ಲು ಬೇರೆಯೇ ಕಥೆ ಹೇಳುತ್ತದೆ. ಜೈಸಲ್ಮೇರ್ ಕೋಟೆಗೆ ಹೊಂಬಣ್ಣ ಕೊಟ್ಟ ಹಳದಿ ಕಲ್ಲು ಜುರಾಸಿಕ್ ಕಾಲದ್ದು. ಆಗ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ದಿನ್ನೆಯ ಮೇಲೆ ನಿಧಾನಕ್ಕೆ ನಡೆದರೆ ಕಲ್ಲಿನೊಳಗೆ ಕೂತ ಚಿಪ್ಪಿನ ಗುರುತುಗಳು ಸಿಗುತ್ತವೆ. ಬಾಡ್ಮೇರ್ ರಸ್ತೆಯಲ್ಲಿ ಜೈಸಲ್ಮೇರ್‌ನಿಂದ 17 ಕಿಲೋಮೀಟರ್ ದೂರದಲ್ಲಿ ಆಕಲ್ ಎಂಬಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ ಮರದ ದಿಮ್ಮಿಗಳು ಕಲ್ಲಾಗಿ ಮಲಗಿವೆ. ತೊಗಟೆಯ ಗೆರೆಗಳು ಇನ್ನೂ ಕಣ್ಣಿಗೆ ಕಾಣುತ್ತವೆ, ಬೆರಳಿಟ್ಟರೆ ಮಾತ್ರ ಬಂಡೆಯ ಗಡಸು. ದಿಮ್ಮಿಗಳ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಜನ ತುಂಡು ಒಡೆದು ಒಯ್ಯದಿರಲಿ ಎಂದು. ಅರ್ಧ ಗಂಟೆ ಸಾಕು ನೋಡಲು, ಆದರೆ ಉದ್ಯಾನಕ್ಕೆ ಹೋಗುವ ಮುಂಚೆಯೇ ಇದನ್ನು ನೋಡುವುದು ಒಳ್ಳೆಯದು. ಕಾಡು ಹೋಗಿ ಕಡಲು, ಕಡಲು ಹೋಗಿ ಕಲ್ಲು, ಕಲ್ಲಿನ ಮೇಲೆ ಮರಳು, ಮರಳಿನ ಮೇಲೆ ಹುಲ್ಲು ಎಂಬ ಈ ಪದರಗಳು ತಲೆಯಲ್ಲಿದ್ದರೆ ಮುಂದೆ ಕಾಣುವ ಬಯಲು ಬಯಲಾಗಿ ಉಳಿಯುವುದಿಲ್ಲ.

ಹುಲ್ಲಿನ ಲೆಕ್ಕ

ಸೇವಣ್ ಎಂಬುದು ಇಲ್ಲಿನ ಮುಖ್ಯ ಹುಲ್ಲು. ಬುಡ ಗಟ್ಟಿ, ಬೇರು ಆಳ. ಬೇಸಿಗೆಯಲ್ಲಿ ನೋಡಿದರೆ ಸತ್ತೇ ಹೋಗಿದೆ ಅನ್ನಿಸುವ ಹಳದಿ ಪೊದೆ. ಒಂದು ಮಳೆ ಬಿದ್ದರೆ ಸಾಕು, ಕೆಲವೇ ದಿನಗಳಲ್ಲಿ ಹಸಿರು ಚಿಗುರು. ಮರಳು ಗಾಳಿಗೆ ಹಾರಿಹೋಗದಂತೆ ಹಿಡಿದಿಡುವುದು ಇದರ ಬೇರು. ಥಾರ್‌ಪಾರ್ಕರ್ ಹಸುಗಳು ಹಾಲು ಕೊಡುವುದು ಇದನ್ನು ಮೇಯ್ದು. ಇದರ ಬುಡದಲ್ಲಿ ಮಿಡತೆ, ಜೀರುಂಡೆ, ಬುಡದ ಪಕ್ಕದಲ್ಲಿ ಬಿಲ ತೋಡುವ ಇಲಿ, ಅವುಗಳನ್ನು ಹಿಡಿಯಲು ಬರುವ ಮರುಭೂಮಿ ನರಿ, ಕಾಡುಬೆಕ್ಕು, ಮೇಲೆ ಸುತ್ತುವ ಹದ್ದು. ಹುಲಿ ಇರುವ ಕಾಡಿನಲ್ಲಿ ಮರದ ಸ್ಥಾನ ಏನೋ ಇಲ್ಲಿ ಈ ಪೊದೆಯ ಸ್ಥಾನ ಅದು.

ಗಟ್ಟಿನೆಲದಲ್ಲಿ ಒಂದು ಬಿಲವನ್ನು ಹತ್ತಿರದಿಂದ ನೋಡಿ. ಬಾಯಿ ಅರ್ಧಚಂದ್ರದಂತೆ ಬಾಗಿದೆ, ಮುಂದೆ ಕೆದರಿದ ಮಣ್ಣಿನ ಸಣ್ಣ ಜಾರು, ಅದರ ಮೇಲೆ ಬಾಲ ಎಳೆದ ಗೀಟು. ಮುಳ್ಳುಬಾಲದ ಓತಿಯ ಮನೆ ಅದು. ಸ್ಥಳೀಯರು ಸಾಂಡಾ ಎನ್ನುತ್ತಾರೆ. ಓತಿಯ ಜಾತಿಯಾದರೂ ಬಹುಪಾಲು ಸಸ್ಯಾಹಾರಿ, ಎಲೆ ಹೂವು ತಿಂದು ಬದುಕುತ್ತದೆ. ಒಳಗೆ ಹೋದಮೇಲೆ ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಳ್ಳುತ್ತದೆ. ಹೊರಗಿನ ಬಿಸಿಯೂ ಚಳಿಯೂ ಒಳಗೆ ನುಗ್ಗದಿರಲು, ಹಾವು ಉಡಗಳು ಬಾರದಿರಲು ಅದೇ ಬಾಗಿಲು. ಕಡುಚಳಿಯ ತಿಂಗಳುಗಳಲ್ಲಿ ಹೊರಗೇ ಬರುವುದಿಲ್ಲ, ಫೆಬ್ರವರಿಯ ಬಿಸಿಲಿಗೆ ಬಿಲದ ಬಾಯಲ್ಲಿ ಮೈ ಕಾಯಿಸುತ್ತ ಕೂರುತ್ತದೆ. ಗಿಡುಗಗಳಿಗೆ ಇದೇ ದೊಡ್ಡ ಊಟ. ಇದರ ಕೊಬ್ಬಿನ ಎಣ್ಣೆಯಲ್ಲಿ ಔಷಧಿ ಗುಣವಿದೆ ಎಂಬ ನಂಬಿಕೆಗೆ ಸಾವಿರಾರು ಓತಿಗಳು ಬಲಿಯಾಗಿವೆ. ಆ ಎಣ್ಣೆಯನ್ನು ಸಂತೆಯಲ್ಲಿ ಯಾರಾದರೂ ಮಾರುತ್ತಿದ್ದರೆ ದಯವಿಟ್ಟು ಕೊಳ್ಳಬೇಡಿ.

ಮರಗಳಲ್ಲಿ ಖೇಜ್ರಿ ನಮಗೆ ಹೊಸದಲ್ಲ. ದಸರೆಯಲ್ಲಿ ನಾವು ಪೂಜೆ ಮಾಡಿ ಎಲೆ ಹಂಚುವ ಬನ್ನಿಯೇ ಅದು. ಇಲ್ಲಿ ಅದು ನೆರಳು, ಮೇವು, ಉರುವಲು, ಕಾಯಿಪಲ್ಯ ಎಲ್ಲವೂ. ನಮಗೆ ಪರಿಚಯವಿರುವ ಇನ್ನೊಂದು ಗಿಡವೂ ಇದೆ, ಬಳ್ಳಾರಿ ಜಾಲಿ. ಹಸಿರು ಮಾಡುತ್ತೇವೆಂದು ತಂದು ನೆಟ್ಟ ಈ ಮುಳ್ಳುಗಿಡ ನಮ್ಮ ಬಯಲುಸೀಮೆಯಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದೆ. ಹುಲ್ಲಿನ ಜಾಗ ನುಂಗಿ, ಅಡಗಿ ಕೂರುವ ನಾಯಿ ನರಿಗಳಿಗೆ ಮರೆ ಒದಗಿಸಿದೆ. ಬಯಲಿನ ಪ್ರಾಣಿಗಳಿಗೆ ದೂರದವರೆಗೂ ಕಾಣುವುದೇ ರಕ್ಷಣೆ. ಮರ ನೆಟ್ಟರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆ ಹುಲ್ಲುಗಾವಲಿನ ಮಟ್ಟಿಗೆ ನಿಜವಲ್ಲ.

ಚಿಂಕಾರ ಎಂಬ ಸಣ್ಣ ಹುಲ್ಲೆ ಇಲ್ಲಿ ಸುಲಭವಾಗಿ ಕಾಣುತ್ತದೆ. ನೀರು ಕುಡಿಯದೆ ಬಹಳ ದಿನ ಇರಬಲ್ಲದು, ಎಲೆಯಲ್ಲಿನ ತೇವ ಮತ್ತು ಇಬ್ಬನಿಯೇ ಸಾಕು. ಅನುಮಾನ ಬಂದರೆ ಸೀನಿದಂತೆ ಸದ್ದು ಮಾಡಿ, ಬಾಲ ಅಲ್ಲಾಡಿಸಿ, ಚಿಮ್ಮುತ್ತದೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇದೇ ಪ್ರಾಣಿಗಾಗಿ ಮೀಸಲಿಟ್ಟ ಧಾಮವಿದೆ, ಬೀಳಗಿ ಮುಧೋಳದ ಕಡೆಯವರಿಗೆ ಇದು ನೆರೆಮನೆಯ ಜೀವಿ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಗ್ರಿಫನ್ ರಣಹದ್ದು, ಕಪ್ಪು ರಣಹದ್ದು, ಹುಲ್ಲುಗಾವಲ ಹದ್ದುಗಳು ಬಂದಿಳಿಯುತ್ತವೆ. ದನದ ಹೆಣ ಬಿದ್ದ ಕಡೆ ಹತ್ತಾರು ಸೇರುತ್ತವೆ. ಬೆಳಗ್ಗೆ ಬಿಸಿಲೇರಿದ ಮೇಲೆ ನೀರಿನ ಗುಂಡಿಗಳ ಹತ್ತಿರ ಸದ್ದಿಲ್ಲದೆ ಕಾದರೆ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪಾಗಿ ಬರುತ್ತವೆ. ಮರಿ ಮಾಡಿದ ಕಾಲದಲ್ಲಿ ಗಂಡು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ, ಸ್ಪಂಜಿನಂತೆ ನೀರು ಹೀರಿಸಿಕೊಂಡು ದೂರದ ಗೂಡಿಗೆ ಹಾರುತ್ತದೆ. ಮರಿಗಳು ಆ ಗರಿಗಳಿಂದ ನೀರು ಹೀರುತ್ತವೆ.

ಎರ್ಲಡ್ಡು ಎಂಬ ಹಕ್ಕಿ

ಇಷ್ಟೆಲ್ಲ ಇದ್ದರೂ ಈ ಉದ್ಯಾನ ಹುಟ್ಟಿದ್ದು ಒಂದು ಹಕ್ಕಿಗಾಗಿ. ನಮ್ಮಲ್ಲಿ ಎರ್ಲಡ್ಡು, ದೊರವಾಯನ ಹಕ್ಕಿ ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಲ್ಲಿನವರಿಗೆ ಗೋಡಾವಣ್. ಎತ್ತರ ಒಂದು ಮೀಟರ್, ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು ಮಾತ್ರ. ಬಿಳಿ ಕತ್ತು, ಕಪ್ಪು ಟೊಪ್ಪಿಗೆ, ಕಂದು ಬೆನ್ನು. ನಡೆಯುವ ರೀತಿಯಲ್ಲೊಂದು ಗತ್ತು. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಹೇಳಿದ್ದರು, ಆ ಪಟ್ಟ ನವಿಲಿಗೆ ಹೋಯಿತು. 1979ರಲ್ಲಿ ಅರಬ್ ರಾಜಮನೆತನದವರು ಬೇಟೆಗೆ ಪಳಗಿಸಿದ ಡೇಗೆ ಹಕ್ಕಿಗಳನ್ನು ತಂದು ಜೈಸಲ್ಮೇರ್ ಸುತ್ತ ಬೇಟೆಗಿಳಿದಾಗ ರಾಜಸ್ಥಾನದಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದರು. ಮರುವರ್ಷ ಉದ್ಯಾನದ ಘೋಷಣೆಯಾಯಿತು, 1981ರಲ್ಲಿ ಇದು ರಾಜಸ್ಥಾನದ ರಾಜ್ಯಪಕ್ಷಿಯಾಯಿತು. 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿತು. ಈಗ ಕಾಡಿನಲ್ಲಿ ಉಳಿದಿರುವುದು ಒಂದೂವರೆ ನೂರರ ಒಳಗೆ, ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲೇ. ಉದ್ಯಾನದ ಸುದಾಸರಿ ಭಾಗದಲ್ಲಿ ಕೆಲವು, ಪೋಖ್ರಣ್‌ನ ಸೇನಾ ಫೈರಿಂಗ್ ರೇಂಜ್ ಸುತ್ತ ಕೆಲವು. ತೋಪು ಗುಂಡುಗಳ ಸದ್ದಿರುವ ಕಡೆ ಹಕ್ಕಿ ಉಳಿಯಲು ಕಾರಣ ಸರಳ: ಅಲ್ಲಿಗೆ ಉಳುವವರೂ ಕಟ್ಟುವವರೂ ಬರುವಂತಿಲ್ಲ, ಹುಲ್ಲು ಹುಲ್ಲಾಗಿಯೇ ಉಳಿದಿದೆ.

ಯಾಕೆ ಇಷ್ಟು ಕಡಿಮೆಯಾಯಿತು ಎಂಬುದನ್ನು ತಿಳಿಯಲು ಹಕ್ಕಿಯ ಸಂಸಾರ ನೋಡಬೇಕು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರೀ ನೆಲದ ಮೇಲೆ. ಸುಮಾರು ನಾಲ್ಕು ವಾರ ಕಾವು. ಆ ಅವಧಿಯಲ್ಲಿ ನಾಯಿ, ನರಿ, ಉಡ, ಕಾಗೆ ಯಾವುದು ಬಂದರೂ ಆ ವರ್ಷ ಮುಗಿಯಿತು. ಹಿಂದೆ ಹಕ್ಕಿಗಳು ಸಾವಿರಗಟ್ಟಲೆ ಇದ್ದಾಗ, ದೊಡ್ಡವು ಬಹಳ ವರ್ಷ ಬದುಕುತ್ತಿದ್ದಾಗ ಈ ಲೆಕ್ಕ ಸರಿಹೋಗುತ್ತಿತ್ತು. ಈಗ ದೊಡ್ಡ ಹಕ್ಕಿಗಳೇ ಸಾಯುತ್ತಿವೆ, ಮತ್ತು ಅದಕ್ಕೆ ದೊಡ್ಡ ಕಾರಣ ವಿದ್ಯುತ್ ತಂತಿ.

ತಂತಿ ಕಾಣುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕಾಣುವುದಿಲ್ಲ. ಬಸ್ಟರ್ಡ್ ಜಾತಿಯ ಹಕ್ಕಿಗಳ ಕಣ್ಣು ತಲೆಯ ಪಕ್ಕದಲ್ಲಿವೆ. ಎರಡೂ ಪಕ್ಕಕ್ಕೆ ಚೆನ್ನಾಗಿ ಕಾಣುತ್ತದೆ, ನೇರ ಮುಂದಕ್ಕೆ ಕಾಣುವ ಪಟ್ಟಿ ಮಾತ್ರ ತೀರಾ ಕಿರಿದು. ಹಾರುವಾಗ ಕೆಳಗಿನ ನೆಲ ನೋಡಲು ತಲೆ ಬಗ್ಗಿಸಿದರೆ ಮುಂದಿನದು ಪೂರ್ತಿ ಮರೆಯಾಗುತ್ತದೆ. ಕೋಟ್ಯಂತರ ವರ್ಷ ಬಯಲಿನ ಆಕಾಶದಲ್ಲಿ ಎದುರಿಗೆ ಅಡ್ಡ ಬರುವಂಥದ್ದೇನೂ ಇರಲಿಲ್ಲ, ಆ ಕಣ್ಣು ತಪ್ಪೇನಲ್ಲ. ಹತ್ತಿರ ಬಂದು ತಂತಿ ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದು. ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ಥಾರ್‌ನ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳಿಗೆ ಸಿಕ್ಕು ವರ್ಷಕ್ಕೆ 84,000 ಹಕ್ಕಿಗಳು ಸಾಯುತ್ತವೆ, ಅದರಲ್ಲಿ ಎರ್ಲಡ್ಡುಗಳು 18ರಷ್ಟು. ನೂರರ ಲೆಕ್ಕದಲ್ಲಿರುವ ಹಕ್ಕಿ ವರ್ಷಕ್ಕೊಂದೇ ಮೊಟ್ಟೆಯಿಟ್ಟು ಈ ನಷ್ಟ ತುಂಬಿಕೊಳ್ಳುವುದು ಸಾಧ್ಯವೇ ಇಲ್ಲ.

ತಂತಿಗಳು ಬಂದದ್ದು ಸೂರ್ಯ ಮತ್ತು ಗಾಳಿಯ ವಿದ್ಯುತ್ತಿಗಾಗಿ. ಕಲ್ಲಿದ್ದಲು ಸುಡುವುದು ಬಿಡಬೇಕಾದರೆ ಈ ವಿದ್ಯುತ್ ಬೇಕೇ ಬೇಕು, ಜೈಸಲ್ಮೇರ್‌ನಷ್ಟು ಬಿಸಿಲು, ಗಾಳಿ, ಬಯಲು ದೇಶದಲ್ಲಿ ಬೇರೆಡೆ ಸಿಗುವುದು ಕಷ್ಟ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹಕ್ಕಿಯ ಮುಖ್ಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಬೇಕು, ಉಳಿದ ಕಡೆ ಹಕ್ಕಿಗೆ ಕಾಣುವಂಥ ತಿರುಗುಬಿಲ್ಲೆಗಳನ್ನು ತಂತಿಗೆ ತೂಗಿಹಾಕಬೇಕು ಎಂದಿತು. ಭಾರೀ ವೋಲ್ಟೇಜಿನ ಲೈನುಗಳನ್ನು ಅಷ್ಟು ದೂರ ನೆಲದಡಿ ಒಯ್ಯುವುದು ತಾಂತ್ರಿಕವಾಗಿ ಆಗದು, ಖರ್ಚೂ ತಾಳದು ಎಂದು ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಹಳೆಯ ಆದೇಶ ಸಡಿಲಿಸಿ, ಎಲ್ಲೆಲ್ಲಿ ಏನು ಸಾಧ್ಯ ಎಂದು ನೋಡಲು ತಜ್ಞರ ಸಮಿತಿ ನೇಮಿಸಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ಪಾರಾಗುವುದು ಜನರ ಮೂಲಭೂತ ಹಕ್ಕು ಎಂದೂ ಅದೇ ತೀರ್ಪು ಹೇಳಿತು. ಎರಡೂ ಕಡೆ ನ್ಯಾಯವಿದೆ ಎಂದು ಒಪ್ಪುತ್ತೇನೆ. ಆದರೆ ಸೋಲಾರ್ ಫಲಕಕ್ಕೆ ಇನ್ನೊಂದು ಜಾಗ ಹುಡುಕಬಹುದು, ಈ ಹಕ್ಕಿಗೆ ಇನ್ನೊಂದು ಜಾಗವಿಲ್ಲ. ಮೊದಲು ಬಿಟ್ಟುಕೊಡಬೇಕಾದವರು ಯಾರು ಎಂಬುದು ನನಗಂತೂ ಸ್ಪಷ್ಟ.

ಇತ್ತ ಸಮ್‌ನಲ್ಲಿ 2019ರಿಂದ ಒಂದು ಸಾಕಣೆ ಕೇಂದ್ರ ನಡೆಯುತ್ತಿದೆ. ಕಾಡಿನ ಗೂಡುಗಳಿಂದ ಮೊಟ್ಟೆ ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿ ಬೆಳೆಸಿದರು. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂತು. ಗಂಡು ಇಂಥದ್ದೇ ಇನ್ನೊಂದು ಸಾಕಣೆ ಕೇಂದ್ರವಾದ ರಾಮದೇವ್ರಾದ್ದು, ಹೆಣ್ಣು ಸಮ್‌ನದ್ದು. ಈ ಕೇಂದ್ರದೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ, ಇರಲೂಬಾರದು.

ಕರ್ನಾಟಕಕ್ಕೂ ಈ ಹಕ್ಕಿ ಪರಕೀಯವಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಒಂದು ಕಾಲಕ್ಕೆ ಎರ್ಲಡ್ಡು ಇತ್ತು. ಅಲ್ಲಿನ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆದು ನೀಲಗಿರಿ ನೆಡುತೋಪು ಎಬ್ಬಿಸಿದರು, ಹಕ್ಕಿ ಹೋಯಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸುತ್ತಲಿನ ಎರೆಹೊಲಗಳಲ್ಲಿ ಇತ್ತೀಚಿನ ವರ್ಷಗಳಲ್ಲೂ ಬೆರಳೆಣಿಕೆಯಷ್ಟು ಕಂಡಿವೆ.

ಹೋಗುವವರಿಗೆ

ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ರೈಲಿದೆ, ಅಲ್ಲಿಂದ ಜೈಸಲ್ಮೇರ್‌ಗೆ ರೈಲು ಬಸ್ಸು ಎರಡೂ ಸಿಗುತ್ತವೆ. ಉದ್ಯಾನದ ಬೇಲಿ ಹಾಕಿದ ಭಾಗಗಳಿಗೆ, ಮುಖ್ಯವಾಗಿ ಸುದಾಸರಿಗೆ, ಜೈಸಲ್ಮೇರ್‌ನಲ್ಲಿರುವ ಉದ್ಯಾನದ ಕಚೇರಿಯಿಂದ ಅನುಮತಿ ಪಡೆಯಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಹೋಗುವ ಮೊದಲೇ ವಿಚಾರಿಸಿ. ಗಡಿಯ ಹತ್ತಿರದ ಹಳ್ಳಿಗಳಿಗೆ ಬೇರೆಯೇ ಅನುಮತಿ ಬೇಕು. ಆಧಾರ್ ಜೊತೆಗಿರಲಿ. ಡ್ರೋನ್ ಮನೆಯಲ್ಲೇ ಇರಲಿ.

ಬೆಳಕು ಹರಿಯುವ ಮುಂಚೆ ಹೊರಡಿ. ರಾತ್ರಿಯ ಓಡಾಟದ ಹೆಜ್ಜೆಗಳು ಮರಳಿನಲ್ಲಿ ಗಾಳಿ ಏಳುವವರೆಗೆ ಮಾತ್ರ ಉಳಿಯುತ್ತವೆ, ಮತ್ತು ಬಿಸಿಲೇರಿದರೆ ಬಿಸಿಗಾಳಿಯ ಅಲೆಯಲ್ಲಿ ದೂರದ್ದೇನೂ ನೆಟ್ಟಗೆ ಕಾಣುವುದಿಲ್ಲ. ಬೈನಾಕ್ಯುಲರ್ ಇಲ್ಲದೆ ಹೋಗುವುದರಲ್ಲಿ ಅರ್ಥವಿಲ್ಲ. ಜೀಪು ನಿಲ್ಲಿಸಿ, ಇಂಜಿನ್ ಆರಿಸಿ, ಬಯಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತ ಬನ್ನಿ. ಮೊದಲ ಸುತ್ತಿನಲ್ಲಿ ಏನೂ ಇರುವುದಿಲ್ಲ. ಎರಡನೆಯದರಲ್ಲಿ ಒಂದು ಕಂದು ಕಲ್ಲು ಕಿವಿ ಅಲ್ಲಾಡಿಸಿ ಚಿಂಕಾರವಾಗುತ್ತದೆ, ಬೇಲಿಗೂಟದ ತುದಿ ಕತ್ತು ತಿರುಗಿಸಿ ಡೇಗೆಯಾಗುತ್ತದೆ. ನರಿ ಕಂಡರೆ ಬಾಲದ ತುದಿ ನೋಡಿ. ಬಿಳಿಯಾಗಿದ್ದರೆ ಮರುಭೂಮಿ ನರಿ, ಕಪ್ಪಾಗಿದ್ದರೆ ನಮ್ಮ ಬಯಲುಸೀಮೆಯಲ್ಲೂ ಇರುವ ಸಣ್ಣ ನರಿ. ಎರ್ಲಡ್ಡು ಕಂಡರೆ ಪುಣ್ಯ. ಕಂಡಾಗ ದಯವಿಟ್ಟು ಅದರತ್ತ ಗಾಡಿ ಓಡಿಸಬೇಡಿ. ಒಳ್ಳೆಯ ಫೋಟೋಗಾಗಿ ಹಕ್ಕಿಯನ್ನು ಎಬ್ಬಿಸಿ ಹಾರಿಸಿದರೆ ಅದು ಹೋಗುವುದು ತಂತಿಯತ್ತಲೇ ಇರಬಹುದು. ಮೊಟ್ಟೆಯಿಡುವ ಬೇಸಿಗೆ ಮಳೆಗಾಲದ ತಿಂಗಳುಗಳಲ್ಲಂತೂ ಹತ್ತಿರ ಸುಳಿಯುವುದೇ ಬೇಡ. ಗಾಡಿ ಹಳೆಯ ಚಕ್ರದ ಜಾಡು ಬಿಟ್ಟು ಇಳಿಯಬಾರದು, ಒಂದು ಸಲ ತುಳಿದ ಹುಲ್ಲು ಮತ್ತೆ ಏಳಲು ಇಲ್ಲಿ ಮಳೆಗೆ ಕಾಯಬೇಕು.

ನೀರು ಬೇಕೆನಿಸಿದ್ದಕ್ಕಿಂತ ಹೆಚ್ಚು ಒಯ್ಯಿರಿ, ಬೆಳಗಿಗೆ ದಪ್ಪ ಸ್ವೆಟರ್, ಕಾಲಿಗೆ ಗಟ್ಟಿ ಶೂ. ಗರಗಸ ಮಂಡಲದ ಹಾವುಗಳಿವೆ, ಕಲ್ಲು ಎತ್ತುವುದು, ಪೊದೆಗೆ ಕೈ ಹಾಕುವುದು ಬೇಡ.

ಗೈಡ್ ಬೇಕಿದ್ದರೆ ಹಳ್ಳಿಯವರನ್ನೇ ಕೇಳಿ. ಕುರಿ ಮೇಯಿಸಿದವರಿಗೆ ಯಾವ ಗುಂಡಿಯಲ್ಲಿ ನೀರಿದೆ, ಯಾವ ದಿನ್ನೆಯ ಹಿಂದೆ ಬೆಕ್ಕು ಮರಿ ಹಾಕಿದೆ ಎಂಬುದು ಗೊತ್ತಿರುತ್ತದೆ, ಕೊಟ್ಟ ದುಡ್ಡು ಅಲ್ಲೇ ಉಳಿಯುತ್ತದೆ. ಓರಣ್ ತೋರಿಸಲು ಹೇಳಿ. ದೇವರ ಹೆಸರಿನಲ್ಲಿ ಬಿಟ್ಟ ಗೋಮಾಳ ಅದು, ಕೊಡಗಿನ ದೇವರಕಾಡಿನ ಹಾಗೆ ಅಲ್ಲಿ ಕೊಡಲಿ ಬೀಳುವುದಿಲ್ಲ, ದನ ಮೇಯಬಹುದು. ಉದ್ಯಾನದ ಹೊರಗೂ ಹಕ್ಕಿ ಪ್ರಾಣಿಗಳು ಉಳಿದಿರುವುದು ಬಹುಮಟ್ಟಿಗೆ ಇಂಥ ಜಾಗಗಳಿಂದ. ಕಂದಾಯ ದಾಖಲೆಯಲ್ಲಿ ಹಲವು ಓರಣ್‌ಗಳು ಸರ್ಕಾರಿ ಪಾಳುಭೂಮಿ ಎಂದೇ ಇರುವುದರಿಂದ ಅವೂ ವಿದ್ಯುತ್ ಯೋಜನೆಗಳ ಪಾಲಾಗುತ್ತಿವೆ, ಊರವರು ಅವುಗಳನ್ನು ಓರಣ್ ಎಂದೇ ನಮೂದಿಸಿ ಎಂದು ಕೇಳುತ್ತಿದ್ದಾರೆ.

ಹೈಟೆನ್ಷನ್ ಲೈನಿನ ಕೆಳಗೆ ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ. ಕಂಬ ಮತ್ತು ತಂತಿ ಸೇರುವಂತೆ ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತಿಸಿಕೊಂಡು, ದಿನ ಸಮಯ ಬರೆದು ಹತ್ತಿರದ ಅರಣ್ಯ ಚೌಕಿಗೆ ತಲುಪಿಸಿ. ಹೆಣವನ್ನು ರಾತ್ರಿಯೊಳಗೆ ನಾಯಿ ನರಿ ಹೊತ್ತೊಯ್ಯುತ್ತವೆ, ದಾಖಲೆಯೇ ಇಲ್ಲದಂತಾಗುತ್ತದೆ. ಯಾವ ಲೈನಿನಲ್ಲಿ ಎಷ್ಟು ಹಕ್ಕಿ ಸತ್ತವು ಎಂಬ ಲೆಕ್ಕಕ್ಕೆ ದಾರಿಹೋಕರು ತೆಗೆದ ಇಂಥ ಒಂದೊಂದು ಫೋಟೋವೂ ಸೇರುತ್ತದೆ.